ತೋಡು ಬತ್ತಿದ ಮೇಲೆ ಹೊಯ್ಗೆಯೊಳಗಿನ ಸೂಕ್ಷ್ಮಜೀವಿಗಳು ಏನಾಗುತ್ತವೆ?

ನೀವು ಕೇಳಿದ್ದು ಎರಡು ವಿಷಯ. ಕಾಸರಗೋಡಿನ ಬದಿಯಡ್ಕದ ಕಡೆ ನಿಮ್ಮ ಅಡಿಕೆ ತೋಟದ ಬದಿಯ ತೋಡು, ಅಂದರೆ ಸಣ್ಣ ಹಳ್ಳ, ಈಗ ಫೆಬ್ರವರಿಗೇ ಬತ್ತುತ್ತದೆ, ಅದರ ಹೊಯ್ಗೆಯೊಳಗಿನ (ಮರಳಿನೊಳಗಿನ) ಸೂಕ್ಷ್ಮಜೀವಿಗಳೆಲ್ಲ ಸಾಯುತ್ತವೆಯೇ ಅಂತ ಒಂದು. ಜೂನಿನಲ್ಲಿ ಮೊದಲು ಹರಿಯುವ ಕಪ್ಪು ನೀರು ತೋಟಕ್ಕೆ ಕೆಡುಕೇ ಅಂತ ಇನ್ನೊಂದು. ನಾನು ಮೈಕ್ರೋಬಯಾಲಜಿ ಓದಿದವಳು, ಊರು ಪೆರ್ಲದ ಹತ್ತಿರ, ಹಾಗಾಗಿ ಈ ತೋಡುಗಳ ಪರಿಚಯ ಚೆನ್ನಾಗಿಯೇ ಇದೆ.

ಎಲ್ಲವೂ ಸಾಯುವುದಿಲ್ಲ. ಆದರೆ ಯಾವುದು ಉಳಿಯುತ್ತದೆ ಎನ್ನುವುದು ತೋಡು ಎಷ್ಟು ಕಾಲ ಒಣಗಿತ್ತು, ಅಡಿಯಲ್ಲಿ ಪಸೆ ಉಳಿದಿತ್ತೇ ಎನ್ನುವುದರ ಮೇಲಿದೆ.

ಹರಿವು ನಿಂತ ಕೂಡಲೇ ತೋಡು ಒಣಗುವುದಿಲ್ಲ, ಅಲ್ವಾ? ಮೊದಲು ಅಲ್ಲಲ್ಲಿ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಅದಕ್ಕೆ ಎಲೆ, ಸೋಗೆ ಬಿದ್ದು ಕೊಳೆಯುತ್ತವೆ. ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಮುಗಿಸುತ್ತವೆ. ಹೊಸ ನೀರು ಬರುವುದಿಲ್ಲವಾದ್ದರಿಂದ ಆಮ್ಲಜನಕ ಬೇಕಿಲ್ಲದ ಜೀವಿಗಳದ್ದೇ ಕಾರುಬಾರು ಶುರುವಾಗುತ್ತದೆ. ಅವು ನೈಟ್ರೇಟ್, ಆಮೇಲೆ ಕಬ್ಬಿಣ, ಆಮೇಲೆ ಸಲ್ಫೇಟ್ ಬಳಸಿ ಉಸಿರಾಡುತ್ತವೆ. ಗುಂಡಿಯ ತಳದ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ ಇವುಗಳದ್ದೇ. ಇನ್ನೂ ಕೆಳಗೆ ಮೀಥೇನ್ ಮಾಡುವವೂ ಇರುತ್ತವೆ.

ಆ ನೀರೂ ಆರಿದ ಮೇಲೆ ಎಲ್ಲ ತಿರುಗುಮುರುಗು. ಹೊಯ್ಗೆಯ ಸಂದಿಗಳಿಗೆ ಗಾಳಿ ಹೋಗುತ್ತದೆ, ಗಾಳಿ ತಡೆಯದ ಜೀವಿಗಳು ಹಿಂದೆ ಸರಿಯುತ್ತವೆ. ಪಸೆ ಸ್ವಲ್ಪ ಇರುವವರೆಗೆ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಆ ನೈಟ್ರೇಟನ್ನು ಸಾರಜನಕದ ಅನಿಲವಾಗಿ ಗಾಳಿಗೆ ಬಿಡುವ ಗುಂಪು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ತೋಟಕ್ಕೆ ಹಾಕಿದ ಯೂರಿಯಾದ ಒಂದು ಪಾಲು ತೋಡಿಗೇ ಇಳಿಯುತ್ತದಲ್ಲ, ಅದನ್ನು ಸುಮ್ನೆ ಕೂತು ಶುದ್ಧ ಮಾಡುತ್ತಿದ್ದವರು ಇವರೇ.

ಉಳಿಯುವವು ಹೇಗೆ ಉಳಿಯುತ್ತವೆ? ಕಲ್ಲಿಗೆ, ಹೊಯ್ಗೆ ಕಾಳಿಗೆ ಅಂಟಿದ ಲೋಳೆ ಇದೆಯಲ್ಲ, ಅದನ್ನು ಸೂಕ್ಷ್ಮಜೀವಿಗಳೇ ಸುರಿಸಿ ಕಟ್ಟಿಕೊಂಡಿರುತ್ತವೆ. ಅದು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಕೆಲವು ಟ್ರೆಹಲೋಸ್ ಎಂಬ ಸಕ್ಕರೆಯನ್ನು ಮೈಯೊಳಗೆ ತುಂಬಿಕೊಳ್ಳುತ್ತವೆ. ಬ್ಯಾಸಿಲಸ್ ಜಾತಿಯವು ಗಟ್ಟಿ ಬೀಜಕವಾಗಿ ಮಲಗಿಬಿಡುತ್ತವೆ. ದಪ್ಪ ಗೋಡೆಯ ಬ್ಯಾಕ್ಟೀರಿಯಾಗಳ ಪಾಲು ಜಾಸ್ತಿಯಾಗುತ್ತದೆ, ನೀರನ್ನೇ ನಂಬಿದವು ಕಡಿಮೆಯಾಗುತ್ತವೆ. ತಿಂಗಳುಗಟ್ಟಲೆ ಒಣಗಿದ ತೋಡಿನ ತಳದ ಜೀವಿಗಳ ಬಳಗ ಕೊನೆಗೆ ಗುಡ್ಡದ ಮಣ್ಣಿನದ್ದನ್ನೇ ಹೋಲತೊಡಗುತ್ತದೆ.

ನಮ್ಮದು ಮುರಕಲ್ಲಿನ ಊರು, ಹಾಗಾಗಿ ಇದನ್ನೂ ಹೇಳಬೇಕು. ಒರತೆ ಜಿನುಗುವ ಕಡೆ, ನೀರಿಗೆಂದು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಬಾಯಲ್ಲಿ, ಕಿತ್ತಳೆ ಬಣ್ಣದ ಲೋಳೆ, ಅದರ ಮೇಲೆ ಎಣ್ಣೆಯಂತೆ ಹೊಳೆಯುವ ಪದರ ನೋಡಿರುತ್ತೀರಿ. ಪಂಪಿನ ಡೀಸೆಲ್ ಅಂದುಕೊಳ್ಳುವವರಿದ್ದಾರೆ. ಕಡ್ಡಿಯಿಂದ ಮುಟ್ಟಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ, ಇದು ಚೂರುಚೂರಾಗಿ ಒಡೆದು ಹಾಗೇ ನಿಲ್ಲುತ್ತದೆ. ನೆಲದಡಿಯ ಗಾಳಿಯಿಲ್ಲದ ನೀರಲ್ಲಿ ಕರಗಿದ ಕಬ್ಬಿಣ ಹೊರಗೆ ಬಂದು ಗಾಳಿ ಸೇರುವ ಜಾಗದಲ್ಲಿ, ಆ ಕಬ್ಬಿಣದಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳ ಕೆಲಸ ಅದು. ಒರತೆ ನಿಂತರೆ ತುಕ್ಕಿನ ಪುಡಿ ಮಾತ್ರ ಉಳಿಯುತ್ತದೆ. ರಂಜಕ ಆ ತುಕ್ಕಿಗೆ ಅಂಟಿಕೊಂಡು ಕೂರುತ್ತದೆ, ಮತ್ತೆ ನೀರು ನಿಂತು ಗಾಳಿ ಕಡಿಮೆಯಾದಾಗ ಕಬ್ಬಿಣದ ಜೊತೆ ಬಿಡುಗಡೆಯಾಗುತ್ತದೆ.

ಮೊದಲ ಮಳೆ ಜೀವಿಗಳಿಗೆ ಬರೀ ಸುಖವಲ್ಲ. ಒಣ ಕಾಲಕ್ಕೆಂದು ಸಕ್ಕರೆ ತುಂಬಿಕೊಂಡ ಕೋಶಗಳಿಗೆ ನೀರು ಒಮ್ಮೆಲೇ ನುಗ್ಗಿ ಎಷ್ಟೋ ಒಡೆದುಹೋಗುತ್ತವೆ. ಅವುಗಳ ಒಳಗಿನದ್ದು ಉಳಿದವರಿಗೆ ಊಟ. ಕೆಲವೇ ಗಂಟೆಗಳಲ್ಲಿ ಇಂಗಾಲದ ಡೈಆಕ್ಸೈಡ್ ಭರ್ರನೆ ಏರುತ್ತದೆ. ಒಣಗಿದ ಮಣ್ಣು ನೆನೆದಾಗ ಹೀಗಾಗುವುದನ್ನು ಬರ್ಚ್ ಎಂಬ ವಿಜ್ಞಾನಿ 1958ರಲ್ಲೇ ಬರೆದಿದ್ದರು, ಅವರ ಹೆಸರಲ್ಲೇ ಇದನ್ನು ಕರೆಯುತ್ತಾರೆ. 2018ರಲ್ಲಿ ಬೇರೆ ಬೇರೆ ದೇಶಗಳ 212 ಒಣ ಹೊಳೆಗಳ ತಳದ ಎಲೆಕಸವನ್ನು ನೆನೆಸಿ ನೋಡಿದಾಗಲೂ ಇಂಥದ್ದೇ ಏರಿಕೆ ಕಂಡಿತು. ಕಪ್ಪು ನೀರಿಗೂ ಕಾರಣ ಆ ಎಲೆಕಸವೇ.

ಆಮೇಲೆ ಲೋಳೆ, ಪಾಚಿ ಬೇಗ ಚಿಗುರುತ್ತವೆ. ಆದರೆ ಬೀಜ ಎಲ್ಲಿಂದ ಬರಬೇಕು? ಒಂದೋ ಮೇಲಿನ ತೋಡಿನಿಂದ, ಇಲ್ಲವೇ ಅಡಿಯ ಪಸೆ ಹೊಯ್ಗೆಯಿಂದ. ಬೇಸಿಗೆಯಲ್ಲಿ ನೆರಳಿರುವ ಕಡೆ ಕೈಯಿಂದ ತೋಡಿ ನೋಡಿ, ಮೇಲೆ ಸುಡುತ್ತಿದ್ದರೂ ಕೆಳಗೆ ಎಷ್ಟೋ ಸಲ ತಂಪು ಸಿಗುತ್ತದೆ. ಅವು ಬೇಸಿಗೆ ದಾಟುವುದು ಅಲ್ಲೇ. ಆದ್ದರಿಂದ ದಂಡೆಯ ಕೇದಗೆ, ಮರ ಕಡಿಯುವುದು, ಜೆಸಿಬಿ ಇಳಿಸಿ ಹೊಯ್ಗೆ ಬಾಚುವುದು ನನಗೆ ತುಂಬಾ ನೋವಿನ ವಿಷಯ. ದಯವಿಟ್ಟು ನಿಮ್ಮ ಕಡೆ ಅದಕ್ಕೆ ಬಿಡಬೇಡಿ. ನಮ್ಮ ಕಡೆಯ ಏತಡ್ಕ ಊರಿನವರ ಹಾಗೆ ಸಾಲಾಗಿ ಕಟ್ಟ (ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು) ಕಟ್ಟಿದರೆ ಪಸೆ ಇನ್ನೂ ಕೆಲವು ವಾರ ಉಳಿಯುತ್ತದೆ. ಕಟ್ಟದ ಹಿಂದೆ ಕೆಸರು ಕೂತು ತಳದಲ್ಲಿ ಆಮ್ಲಜನಕ ಕಡಿಮೆಯಾಗುವುದು ನಿಜ, ಆದರೂ ಪೂರ್ತಿ ಒಣಗುವುದಕ್ಕಿಂತ ಅದು ಎಷ್ಟೋ ವಾಸಿ.

ಇನ್ನು ಆ ಕಪ್ಪು ನೀರು. ಅಡಿಕೆ ಬುಡಕ್ಕೆ ಹೋದರೆ ಹೆದರಬೇಡಿ, ಅದರಲ್ಲಿರುವುದು ಎಲೆಯ ರಸ, ನೈಟ್ರೇಟ್, ರಂಜಕ. ಮೀನಿನ ಕೆರೆಗೆ ಮಾತ್ರ ತಿರುಗಿಸಬೇಡಿ, ಆಮ್ಲಜನಕ ಇಳಿದು ಮೀನು ಸಾಯಬಹುದು. ಕುಡಿಯುವ ಬಾವಿ ತೋಡಿಗೆ ತಾಗಿಕೊಂಡಿದ್ದರೆ ಆ ನೀರು ಒಳಗೆ ಇಳಿಯದಂತೆ ಕಟ್ಟೆ ಎತ್ತರಿಸಿ, ಮಳೆ ಹಿಡಿದ ಮೊದಲ ಕೆಲವು ವಾರ ನೀರು ಕುದಿಸಿಯೇ ಕುಡಿಯಿರಿ.