ಮ್ಯಾಟ್ರಿಕ್ಸ್ ಸ್ವಿಚರ್‌ನಲ್ಲಿ ವಿಡಿಯೊ ಬದಲಾಗುತ್ತೆ, ಸೀರಿಯಲ್ ಕಮಾಂಡ್ ಮಾತ್ರ ಒಂದೇ ಪ್ರೊಜೆಕ್ಟರ್‌ಗೆ ಹೋಗುತ್ತೆ. ಯಾಕೆ?

ನೀವು ಬರೆದಿದ್ದು ಇಷ್ಟು: ರಾಯಚೂರಿನ ಕಾಲೇಜಿನ ಸಭಾಂಗಣ, 8x8 ಎಚ್‌ಡಿಬೇಸ್‌ಟಿ ಮ್ಯಾಟ್ರಿಕ್ಸ್ (ಎಂಟು ಇನ್‌ಪುಟ್‌ಗಳನ್ನು ಎಂಟು ಔಟ್‌ಪುಟ್‌ಗಳಿಗೆ ಬೇಕಾದ ಹಾಗೆ ಜೋಡಿಸುವ ಪೆಟ್ಟಿಗೆ; ಎಚ್‌ಡಿಬೇಸ್‌ಟಿ ಅಂದರೆ ವಿಡಿಯೊ, ಕಮಾಂಡ್ ಎಲ್ಲ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಕಳಿಸುವ ವಿಧಾನ), ನಾಲ್ಕು ಪ್ರೊಜೆಕ್ಟರ್. ಚಿತ್ರ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಸೀರಿಯಲ್ ಲೈನ್‌ನಲ್ಲಿ (ಸಾಧನಗಳಿಗೆ ಅಕ್ಷರಗಳ ರೂಪದಲ್ಲಿ ಆದೇಶ ಕಳಿಸುವ ದಾರಿ) ಹೋಗುವ ಆನ್-ಆಫ್ ಕಮಾಂಡ್ ಮಾತ್ರ ಮೊದಲನೇ ಪ್ರೊಜೆಕ್ಟರ್ ಬಿಟ್ಟು ಕದಲುವುದಿಲ್ಲ. ಬೋರ್ಡ್ ಸುಟ್ಟಿದೆಯಾ ಅಂತ ಕೇಳಿದ್ದೀರಿ.

ಬೋರ್ಡ್ ಸುಟ್ಟಿರುವ ಸಾಧ್ಯತೆ ಕಡಿಮೆ. ನಾನು ಬಳ್ಳಾರಿಯಲ್ಲಿ ಹಾಲ್, ಮೀಟಿಂಗ್ ರೂಮ್‌ಗಳ ಎವಿ (ಆಡಿಯೊ-ವಿಡಿಯೊ) ಕೆಲಸ ಮಾಡುತ್ತೇನೆ. ಈ ದೂರು ಬಂದಾಗ ಹೆಚ್ಚಿನ ಸಲ ಸಿಗುವುದು ಸೆಟ್ಟಿಂಗ್ ತಪ್ಪು. ವಿಡಿಯೊ ಮತ್ತು ಸೀರಿಯಲ್ ಎರಡೂ ಅದೇ ಕ್ಯಾಟ್6 ಕೇಬಲ್‌ನಲ್ಲಿ ಹೋಗುತ್ತವೆ, ನಿಜ. ಆದರೆ ಮ್ಯಾಟ್ರಿಕ್ಸ್ ಒಳಗೆ ಅವೆರಡಕ್ಕೆ ಬೇರೆ ಬೇರೆ ರೂಟ್. ವಿಡಿಯೊ ಬದಲಿಸಿದ ಮಾತ್ರಕ್ಕೆ ಸೀರಿಯಲ್ ಬದಲಾಗಬೇಕು ಅಂತೇನಿಲ್ಲ. ಉದಾಹರಣೆಗೆ ಎಕ್ಸ್‌ಟ್ರಾನ್ ಕಂಪನಿಯ ಸ್ವಿಚರ್‌ಗಳಲ್ಲಿ 1*3! ಅಂತ ಕಳಿಸಿದರೆ 1ನೇ ಇನ್‌ಪುಟ್ 3ನೇ ಔಟ್‌ಪುಟ್‌ಗೆ ಹೋಗುತ್ತದೆ. ಅದು ಚಿತ್ರ, ಧ್ವನಿ ಜೋಡಿಸುವ ಕಮಾಂಡ್. ಸೀರಿಯಲ್‌ಗೆ ನಿಮ್ಮ ಮಾಡೆಲ್‌ನಲ್ಲಿ ಯಾವ ಕಮಾಂಡ್ ಇದೆ ಅಂತ ಮ್ಯಾನುಯಲ್‌ನಲ್ಲಿ ನೋಡಬೇಕು.

ಸಾಮಾನ್ಯವಾಗಿ ಎರಡು ದಾರಿ ಸಿಗುತ್ತವೆ. ಒಂದು, ಸೀರಿಯಲ್ ವಿಡಿಯೊ ಹಿಂದೆಯೇ ಹೋಗುವುದು. ಇನ್ನೊಂದು, ನೀವು ಹೇಳಿದ ಔಟ್‌ಪುಟ್‌ಗೆ ಮಾತ್ರ ಹೋಗುವುದು. ಮೊದಲನೆಯದು ಸುಲಭ ಅನಿಸುತ್ತೆ ಅಲ್ವಾ? ನಾನು ಸಭಾಂಗಣಕ್ಕೆ ಅದನ್ನು ಹಾಕುವುದಿಲ್ಲ. ಒಂದೇ ಇನ್‌ಪುಟ್ ಎರಡು ಪ್ರೊಜೆಕ್ಟರ್‌ಗೆ ಹೋಗಿದ್ದರೆ ಕಮಾಂಡ್ ಎರಡಕ್ಕೂ ಹೋಗುತ್ತದೆ. ವಿಡಿಯೊ ತೆಗೆದ ಪ್ರೊಜೆಕ್ಟರ್‌ಗೆ ಆಫ್ ಮಾಡೋಣ ಅಂದರೆ ದಾರಿಯೇ ಇರುವುದಿಲ್ಲ. ಕಾರ್ಯಕ್ರಮ ಮುಗಿದು ಎಲ್ಲರೂ ಹೋದ ಮೇಲೂ ಅದು ಉರಿಯುತ್ತಲೇ ಇರುತ್ತದೆ.

ಇನ್ನೊಂದು ಗೊಂದಲ ಕಂಟ್ರೋಲ್ ಪೋರ್ಟ್‌ನದು. ಮ್ಯಾಟ್ರಿಕ್ಸ್ ಹಿಂದೆ ಹೆಸರು ಬರೆದ ಹಲವು ಹಸಿರು ಕನೆಕ್ಟರ್‌ಗಳಿರುತ್ತವೆ. ಅದರಲ್ಲಿ ಕಂಟ್ರೋಲ್ ಪೋರ್ಟ್‌ಗೆ ಹಾಕಿದ್ದನ್ನು ಮ್ಯಾಟ್ರಿಕ್ಸ್ ತಾನೇ ಓದಿಕೊಳ್ಳುತ್ತದೆ, ಮುಂದಕ್ಕೆ ಕಳಿಸುವುದಿಲ್ಲ. ಪ್ರೊಜೆಕ್ಟರ್ ಕಮಾಂಡ್ ಅಲ್ಲಿಗೆ ಹಾಕಿದರೆ ಎರರ್ ಬರುತ್ತದೆ ಅಷ್ಟೇ. ಆದರೆ ಕೆಲವು ಮಾಡೆಲ್‌ಗಳಲ್ಲಿ ಔಟ್‌ಪುಟ್ ನಂಬರ್ ಜೊತೆಗೆ ಪ್ರೊಜೆಕ್ಟರ್ ಕಮಾಂಡನ್ನೂ ಸೇರಿಸಿ ಕಳಿಸಬಹುದು. ಆಗ ಪ್ರೊಜೆಕ್ಟರ್‌ಗೆ ಬೇಕಾದ ಎಂಟರ್ ಅಕ್ಷರ (ಕಮಾಂಡ್ ಮುಗಿಯಿತು ಅಂತ ತಿಳಿಸುವ ಗುರುತು) ಆ ಸಾಲಿನ ಒಳಗೇ ಇರಬೇಕು. ಅದು ಬಿಟ್ಟುಹೋದರೆ ಪ್ರೊಜೆಕ್ಟರ್ ಮುಂದಿನದಕ್ಕೆ ಕಾಯುತ್ತ ಸುಮ್ನೆ ಕೂತಿರುತ್ತದೆ.

ಪ್ರೊಜೆಕ್ಟರ್ ಮುಟ್ಟುವ ಮೊದಲು ಈ ಪರೀಕ್ಷೆ ಮಾಡಿ. ಸಮಯ ಬಹಳ ಉಳಿಯುತ್ತದೆ. ಸೀರಿಯಲ್ ರೂಟ್ ಮೂರನೇ ಔಟ್‌ಪುಟ್‌ಗೆ ಹಾಕಿ. ಮೂರನೇ ಪ್ರೊಜೆಕ್ಟರ್ ಹತ್ತಿರ ಇರುವ ರಿಸೀವರ್‌ನ (ಮ್ಯಾಟ್ರಿಕ್ಸ್‌ನಿಂದ ಬಂದ ಕೇಬಲ್ ಸೇರುವ ಪೆಟ್ಟಿಗೆ) ಸೀರಿಯಲ್ ಕನೆಕ್ಟರ್ ಬಿಚ್ಚಿ. ರಿಸೀವರ್‌ನ ಟಿಎಕ್ಸ್ (ಕಳಿಸುವ ಪಿನ್), ಆರ್‌ಎಕ್ಸ್ (ಪಡೆಯುವ ಪಿನ್) ಎರಡನ್ನೂ ಚಿಕ್ಕ ವೈರ್ ತುಂಡಿನಿಂದ ಸೇರಿಸಿ. ಲ್ಯಾಪ್‌ಟಾಪನ್ನು ಮ್ಯಾಟ್ರಿಕ್ಸ್‌ನ ಸೀರಿಯಲ್ ಇನ್‌ಪುಟ್‌ಗೆ ಹಾಕಿ, ಪುಟ್ಟಿ (PuTTY) ಎಂಬ ಟರ್ಮಿನಲ್ ಪ್ರೋಗ್ರಾಮ್‌ನಲ್ಲಿ ಲೋಕಲ್ ಎಕೋ (ಟೈಪ್ ಮಾಡಿದ್ದನ್ನು ತಾನೇ ತೋರಿಸುವುದು) ಆಫ್ ಮಾಡಿ ಏನಾದರೂ ಟೈಪ್ ಮಾಡಿ. ಅಕ್ಷರ ತಿರುಗಿ ಬಂದರೆ ಮೂರನೇ ರೂಟ್ ಸರಿ. ವೈರ್ ತುಂಡು ತೆಗೆದ ಕೂಡಲೇ ನಿಲ್ಲಬೇಕು. ನಿಲ್ಲದಿದ್ದರೆ ಅದು ಬೇರೆ ಎಲ್ಲಿಂದಲೋ ಬರುತ್ತಿದೆ. ಹೀಗೆ ನಾಲ್ಕಕ್ಕೂ ಮಾಡಿ.

ರೂಟ್ ಸರಿಯಾಗಿಯೂ ಪ್ರೊಜೆಕ್ಟರ್ ಮಾತು ಕೇಳದಿದ್ದರೆ ವೈರ್ ನೋಡಿ. ಟಿಎಕ್ಸ್ ಎದುರಿನ ಆರ್‌ಎಕ್ಸ್‌ಗೆ ಹೋಗಬೇಕು. ಯಾವುದು ಟಿಎಕ್ಸ್ ಅಂತ ಗೊತ್ತಾಗದಿದ್ದರೆ ಗ್ರೌಂಡ್‌ಗೆ ಕಪ್ಪು ಪ್ರೋಬ್ ಇಟ್ಟು ಮೀಟರ್‌ನಲ್ಲಿ ಅಳೆಯಿರಿ. ಏನೂ ಕಳಿಸದೆ ಇರುವಾಗ ಟಿಎಕ್ಸ್ ಪಿನ್‌ನಲ್ಲಿ ಮೈನಸ್ 5ರಿಂದ ಮೈನಸ್ 12 ವೋಲ್ಟ್ ಆಸುಪಾಸು ಸಿಗುತ್ತದೆ. ಬಾಡ್ ರೇಟ್ (ಸೀರಿಯಲ್ ವೇಗ) ಎರಡೂ ಕಡೆ ಒಂದೇ ಇರಲಿ. ಎಪ್ಸನ್ ಪ್ರೊಜೆಕ್ಟರ್‌ಗಳಲ್ಲಿ ಸಾಮಾನ್ಯವಾಗಿ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಪ್ರತ್ಯೇಕ ಸೀರಿಯಲ್ ವೈರ್ 30 ಮೀಟರ್ ಎಳೆಯುವುದು ಬೇಡ. ಆರ್‌ಎಸ್-232 ಅನ್ನುವ ಮಾಮೂಲಿ ಸೀರಿಯಲ್ ಲೈನ್‌ಗೆ 15 ಮೀಟರ್ ಆಸುಪಾಸಿನಲ್ಲೇ ಇದ್ದರೆ ಒಳ್ಳೆಯದು. ಎಚ್‌ಡಿಬೇಸ್‌ಟಿ 100 ಮೀಟರ್‌ವರೆಗೆ ಅದೇ ಕೇಬಲ್‌ನಲ್ಲಿ ತಲುಪಿಸುತ್ತದೆ.

ನಾಲ್ಕಕ್ಕೂ ಒಟ್ಟಿಗೆ ಕಳಿಸುವುದಾದರೆ ಆಫ್ ಕಮಾಂಡ್ ಮಾತ್ರ ಕಳಿಸಿ. "ಆನ್ ಇದ್ದೀಯಾ" ಅಂತ ಕೇಳುವ ಕಮಾಂಡನ್ನು ಎಲ್ಲರಿಗೂ ಕಳಿಸಿದರೆ ಉತ್ತರಗಳು ಒಂದರ ಮೇಲೊಂದು ಬಿದ್ದು ಕಸ ಬರುತ್ತದೆ. ಒಂದೊಂದೇ ಔಟ್‌ಪುಟ್‌ಗೆ ರೂಟ್ ಹಾಕಿ, ಉತ್ತರ ಬರುವವರೆಗೆ ಕಾದು, ಮುಂದಕ್ಕೆ ಹೋಗಿ. ಪ್ರೊಜೆಕ್ಟರ್ ಆನ್ ಆಗಿ ಬಿಸಿಯಾಗುವಾಗ ಕಮಾಂಡ್ ತೆಗೆದುಕೊಳ್ಳದೆ ಇರಬಹುದು, ಅದಕ್ಕೂ ಸ್ವಲ್ಪ ಟೈಮ್ ಕೊಡಿ.

ಎಲ್ಲ ಆದ ಮೇಲೆ ಮ್ಯಾಟ್ರಿಕ್ಸ್‌ನ ಕರೆಂಟ್ ತೆಗೆದು ಹಾಕಿ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ. ವಿಡಿಯೊ ರೂಟ್ ನೆನಪಿಟ್ಟುಕೊಂಡರೂ ಸೀರಿಯಲ್ ರೂಟ್ ಮರೆಯುವ ಮಾಡೆಲ್ ಆಗಿದ್ದರೆ, ಕಮಾಂಡ್ ಕಳಿಸುವ ಕಂಟ್ರೋಲರ್ ಸ್ಟಾರ್ಟ್ ಆದಾಗಲೆಲ್ಲ ಆ ರೂಟ್ ಕಮಾಂಡ್‌ಗಳನ್ನು ಮತ್ತೆ ಕಳಿಸುವ ಹಾಗೆ ಪ್ರೋಗ್ರಾಮ್‌ನಲ್ಲಿ ಹಾಕಿಬಿಡಿ.