ಒಂದೇ ಪದರದ ವಸ್ತುವಿಗೆ ಲೇಸರ್ ಬಿಟ್ಟರೆ ಒಳಗಿನ ಎಲೆಕ್ಟ್ರಾನ್ ಕಾಣಿಸುತ್ತದಾ?
ಕಾಣಿಸುವುದಿಲ್ಲ. ಸಿಗುವುದು ವಾಪಸ್ ಬಂದ ಬೆಳಕು, ಅಷ್ಟೇ. ಅದರ ಬಣ್ಣ ನೋಡಿ ಒಳಗಿನ ಲೆಕ್ಕ ಹಾಕಬೇಕು. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನನಗೆ ದಿನಾ ಇದೇ ಕೆಲಸ.

ಮಾಲಿಬ್ಡಿನಮ್ ಡೈಸಲ್ಫೈಡ್ ತಗೊಳ್ಳಿ. ಪದರ ಪದರವಾಗಿ ಬಿಡುವ ಕಪ್ಪು ಹರಳು. ಅಂಟುಟೇಪ್‌ಗೆ ಒತ್ತಿ, ಮಡಚಿ, ಬಿಡಿಸುತ್ತಾ ಹೋದರೆ ಚೂರುಗಳು ತೆಳುವಾಗುತ್ತವೆ. ಆ ಟೇಪನ್ನು ಸಿಲಿಕಾನ್ ಚಿಪ್ ಮೇಲೆ ಒತ್ತಿ ನಿಧಾನಕ್ಕೆ ಕಿತ್ತರೆ ಕೆಲವು ಅಲ್ಲೇ ಉಳಿಯುತ್ತವೆ. ಮೈಕ್ರೋಸ್ಕೋಪ್‌ನಲ್ಲಿ ದಪ್ಪ ಚೂರು ತಾನಾಗಿಯೇ ಕಣ್ಣಿಗೆ ಹೊಡೆಯುತ್ತದೆ. ನಮಗೆ ಬೇಕಾದ ಒಂದೇ ಪದರದ್ದು ಕಂಡೂ ಕಾಣದ ಹಾಗಿರುತ್ತದೆ. ದಪ್ಪ ಸುಮಾರು 0.65 ನ್ಯಾನೋಮೀಟರ್. ಹುಡುಕುವುದರಲ್ಲೇ ಸಾಕುಸಾಕಾಗುತ್ತದೆ.

ಅದರ ಮೇಲೆ 532 ನ್ಯಾನೋಮೀಟರ್‌ನ ಹಸಿರು ಲೇಸರ್ ಬಿಡುತ್ತೇವೆ. ಎಲೆಕ್ಟ್ರಾನ್ ಆ ಶಕ್ತಿ ನುಂಗಿ ಮೇಲಿನ ಪಟ್ಟಿಗೆ (ಪಟ್ಟಿ ಅಂದರೆ ಎಲೆಕ್ಟ್ರಾನ್ ಇರಬಹುದಾದ ಶಕ್ತಿಗಳ ಸಾಲು) ಏರುತ್ತದೆ, ಇಳಿಯುವಾಗ ಬೆಳಕು ಬಿಡುತ್ತದೆ. ದಪ್ಪ ಚೂರಿನಿಂದ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು. ಒಂದೇ ಪದರದಿಂದ ಮಾತ್ರ 670 ನ್ಯಾನೋಮೀಟರ್ ಹತ್ತಿರ ಕೆಂಪು ಬೆಳಕು ಜೋರಾಗಿ ಬರುತ್ತದೆ. ವಸ್ತು ಕಡಿಮೆ, ಬೆಳಕು ಜಾಸ್ತಿ. ವಿಚಿತ್ರ ಅಲ್ವಾ? ದಪ್ಪ ಹರಳಿನಲ್ಲಿ ಮೇಲಿನ ಪಟ್ಟಿಯ ತಳ, ಕೆಳಗಿನ ಪಟ್ಟಿಯ ತುದಿ ಬೇರೆ ಬೇರೆ ಸಂವೇಗದಲ್ಲಿ (ಮೊಮೆಂಟಮ್) ಇರುತ್ತವೆ. ಹಾಗಾಗಿ ಎಲೆಕ್ಟ್ರಾನ್ ನೇರ ಇಳಿಯಲಾರದು, ಹರಳಿನ ಕಂಪನದ ನೆರವು ಬೇಕು. ಒಂದೇ ಪದರವಾದಾಗ ಎರಡೂ ಒಂದೇ ನೇರಕ್ಕೆ ಬರುತ್ತವೆ. ಇದು 2010ರಲ್ಲಿ ಗೊತ್ತಾಯಿತು.

ಹಾಗಂತ ಆ ಕೆಂಪು ಬೆಳಕಿನ 1.85 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನೇ ಪಟ್ಟಿಗಳ ನಡುವಿನ ಅಂತರ ಅಂದುಕೊಳ್ಳಬೇಡಿ. ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗ ಒಂದನ್ನೊಂದು ಸೆಳೆದು ಜೋಡಿಯಾಗಿರುತ್ತವೆ. ಅದೇ ಎಕ್ಸೈಟಾನ್. ಆ ಸೆಳೆತದಷ್ಟು ಶಕ್ತಿ ಕಡಿಮೆಯಾಗಿ ಕಾಣುತ್ತದೆ. ನಿಜವಾದ ಅಂತರ ಇನ್ನೂ ದೊಡ್ಡದು.

ಪದರ ಒಂದೇನಾ ಅಂತ ಖಚಿತ ಮಾಡಿಕೊಳ್ಳಲು ರಾಮನ್ ಪರಿಣಾಮ ಇದೆ. ಕಂಡಕ್ಟರ್ ಕೊಟ್ಟ ಚಿಲ್ಲರೆ ಎಣಿಸಿ ಟಿಕೆಟ್ ದರ ತಿಳಿದ ಹಾಗೆ, ಬೆಳಕು ಎಷ್ಟು ಶಕ್ತಿ ಕಳೆದುಕೊಂಡು ಬಂತು ಅಂತ ನೋಡಿದರೆ ಪರಮಾಣುಗಳ ಕಂಪನ ಸಿಗುತ್ತದೆ. ಒಂದೊಂದು ಕಂಪನಕ್ಕೂ ಒಂದೊಂದು ಗೆರೆ. ಅಂಥ ಎರಡು ಗೆರೆಗಳ ಅಂತರ 18-19 ವೇವ್‌ನಂಬರ್ (ಈ ಶಕ್ತಿಯನ್ನು ಅಳೆಯುವ ಮಾನ) ಇದ್ದರೆ ಒಂದೇ ಪದರ, 25ರ ಹತ್ತಿರ ಇದ್ದರೆ ದಪ್ಪ. (ರಾಮನ್ ಇದನ್ನು ಕಂಡದ್ದು ಇಲ್ಲಲ್ಲ, 1928ರಲ್ಲಿ ಕೋಲ್ಕತ್ತಾದಲ್ಲಿ. ಬೆಂಗಳೂರಿಗೆ ಬಂದದ್ದು 1933ರಲ್ಲಿ. ಆಗ ಲೇಸರೇ ಇರಲಿಲ್ಲ, ಮೊದಲನೆಯದು ಬೆಳಗಿದ್ದೇ 1960ರಲ್ಲಿ!)

ಎಲೆಕ್ಟ್ರಾನ್‌ನ ಸಂವೇಗವನ್ನೇ ನೇರ ಅಳೆಯಬೇಕಾದರೆ ಅದನ್ನು ವಸ್ತುವಿನಿಂದ ಹೊರಗೆ ಕಿತ್ತು, ಯಾವ ಕೋನದಲ್ಲಿ ಎಷ್ಟು ಶಕ್ತಿಯಿಂದ ಹಾರಿತು ಅಂತ ನೋಡಬೇಕು. ಹಸಿರು ಲೇಸರ್‌ಗೆ ಅಷ್ಟು ತಾಕತ್ತಿಲ್ಲ. ಅತಿನೇರಳೆ ಬೆಳಕು ಬೇಕು, ಒಳ್ಳೆಯ ನಿರ್ವಾತವೂ ಬೇಕು. ನನ್ನ ಮೇಜಿನ ಮೇಲೆ ಆಗುವ ಕೆಲಸ ಅಲ್ಲ ಅದು.