ಸಂಪಾದಕರ ಉತ್ತರ: ಕಾರ್ಡಿನ ಹಿಂಬದಿಯ ಗೆಲುವು ಯಾರದ್ದು?

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರದ ಸಾರ:

“ನನ್ನ ಮಗಳಿಗೆ ಬೇಸ್‌ಬಾಲ್ ಕಾರ್ಡುಗಳ ಹುಚ್ಚು ಹಿಡಿದಿದೆ. ಅದರಲ್ಲೂ ಚೆಂಡು ಎಸೆಯುವ ಪಿಚರ್‌ಗಳದ್ದೇ ಆಗಬೇಕು. 1971ರ ಬರ್ಟ್ ಬ್ಲೈಲೆವೆನ್, 1978ರ ಜ್ಯಾಕ್ ಮಾರಿಸ್, ಜೊಹಾನ್ ಸಂತಾನಾ ಅವರ ಕೆಲವು ಕಾರ್ಡುಗಳು ಅವಳ ಆಲ್ಬಮ್‌ನಲ್ಲಿವೆ. ಮೊದಲಿನ ಇಬ್ಬರೂ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, ಸಂತಾನಾ ಇಲ್ಲ. ಏಕೆಂದು ಕೇಳಿದರೆ ನನ್ನ ಸಹೋದ್ಯೋಗಿ ‘ಕಾರ್ಡಿನ ಹಿಂಬದಿ ನೋಡಿ, ಮಾರಿಸ್‌ಗೆ 254 ಗೆಲುವು, ಸಂತಾನಾಗೆ 139. ಇನ್ನೇನು ಬೇಕು?’ ಎಂದರು. ಇದು ಸರಿಯೇ? ಮುಂದೆ ಹಾಲ್ ಆಫ್ ಫೇಮ್ ಸೇರಬಹುದಾದವರ ಕಾರ್ಡುಗಳನ್ನು ಈಗಲೇ ಕೊಂಡಿಟ್ಟರೆ ಲಾಭವಿದೆಯೇ? ಬ್ಲೈಲೆವೆನ್ ಕಾರ್ಡನ್ನು ಗ್ರೇಡಿಂಗ್‌ಗೆ, ಅಂದರೆ ಅದರ ಸ್ಥಿತಿ ನೋಡಿ ಅಂಕ ಕೊಡುವವರಿಗೆ, ಕಳುಹಿಸಬೇಕೇ?”

ಪ್ರಿಯರೇ,

ನಿಮ್ಮ ಸಹೋದ್ಯೋಗಿಯ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅವರು ಹಾಗೆ ಏಕೆ ಯೋಚಿಸುತ್ತಾರೆ ಎಂಬುದು ಅರ್ಥವಾಗುತ್ತದೆ. ಅಮೆರಿಕದ ಎಷ್ಟೋ ತಲೆಮಾರುಗಳ ಮಕ್ಕಳು ಆಟದ ಲೆಕ್ಕ ಕಲಿತದ್ದೇ ಕಾರ್ಡುಗಳ ಹಿಂಬದಿಯಿಂದ. ಚ್ಯೂಯಿಂಗ್ ಗಮ್ ಜೊತೆ ಬರುತ್ತಿದ್ದ ಆ ಪುಟ್ಟ ರಟ್ಟಿನಲ್ಲಿ ಪಿಚರ್‌ನ ಹೆಸರಿನ ಕೆಳಗೆ ಎದ್ದು ಕಾಣುತ್ತಿದ್ದದ್ದು ಗೆಲುವು, ಸೋಲು ಎಂಬ ಎರಡು ಅಂಕಣಗಳು. ಚಿಕ್ಕಂದಿನಲ್ಲಿ ಕಂಠಪಾಠವಾದದ್ದು ದೊಡ್ಡವರಾದ ಮೇಲೂ ಹೋಗುವುದಿಲ್ಲ. ಹಾಲ್ ಆಫ್ ಫೇಮ್‌ಗೆ ಮತ ಹಾಕುವ ಪತ್ರಕರ್ತರಲ್ಲೂ ಬಹುಪಾಲು ಜನ ಅದೇ ಕಾರ್ಡುಗಳನ್ನು ಓದಿ ಬೆಳೆದವರು.

ಆ ಗೆಲುವನ್ನು ಯಾರ ಹೆಸರಿಗೆ ಬರೆಯುತ್ತಾರೆ ನೋಡಿ. ಆಟ ಆರಂಭಿಸಿದ ಪಿಚರ್ ಕನಿಷ್ಠ ಐದು ಇನ್ನಿಂಗ್ಸ್ ಎಸೆದಿರಬೇಕು, ಅವನು ಹೊರಗೆ ಹೋಗುವಾಗ ತಂಡ ಮುಂದಿರಬೇಕು, ಆ ಮುನ್ನಡೆಯನ್ನು ಕೊನೆಯವರೆಗೂ ಬಿಟ್ಟುಕೊಡಬಾರದು. ಮೊದಲನೆಯದು ಮಾತ್ರ ಅವನ ಕೈಯಲ್ಲಿದೆ. ರನ್ ಗಳಿಸಬೇಕಾದವರು ಬ್ಯಾಟರ್‌ಗಳು, ಮುನ್ನಡೆ ಕಾಯಬೇಕಾದವರು ಅವನ ನಂತರ ಬರುವ ಪಿಚರ್‌ಗಳು. ನಮ್ಮ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಆ 58ರಲ್ಲಿ ಭಾರತ ಎಷ್ಟನ್ನು ಗೆದ್ದಿತು ಎಂದು ಕೇಳಿ ಅವರ ಯೋಗ್ಯತೆ ಅಳೆಯುವವರು ಯಾರೂ ಇಲ್ಲ. ಬೇಸ್‌ಬಾಲ್‌ನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಅಳೆದದ್ದು ಹಾಗೆಯೇ.

ಇದರ ಪೆಟ್ಟು ಸಂತಾನಾ ಅವರಿಗೆ ಬಿದ್ದಷ್ಟು ಬೇರೆ ಯಾರಿಗೂ ಬಿದ್ದಿಲ್ಲ ಎಂದು ನಾನು ಭಾವಿಸುತ್ತೇನೆ. ವೆನೆಜುವೆಲಾದ ಈ ಎಡಗೈ ಪಿಚರ್ ಮಿನ್ನೆಸೋಟ ಟ್ವಿನ್ಸ್ ಪರ 2004 ಮತ್ತು 2006ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು, ಎರಡು ಸಲವೂ ಸರ್ವಾನುಮತದಿಂದ. ನಡುವಿನ 2005ರಲ್ಲಿ ಅವರ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಅವರ ಲೆಕ್ಕದಲ್ಲಿ ಎದುರಾಳಿಗೆ ಸಿಕ್ಕ ರನ್‌ಗಳ ಸರಾಸರಿ (ಕಡಿಮೆ ಇದ್ದಷ್ಟು ಒಳ್ಳೆಯದು), 2.87 ಇತ್ತು. 238 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿ, ಅಂದರೆ ಚೆಂಡು ಹೊಡೆಯಲು ಬಿಡದೆ ಔಟ್ ಮಾಡಿ, ಲೀಗ್‌ಗೇ ಮೊದಲಿಗರಾಗಿದ್ದರು. ಆದರೆ ಪ್ರಶಸ್ತಿ ಹೋದದ್ದು ಬಾರ್ಟೊಲೊ ಕೊಲೊನ್‌ಗೆ. ಅವರ ಇಆರ್‌ಎ 3.48, ಆದರೆ ಗೆಲುವು 21. ಸಂತಾನಾ ಅವರದ್ದು 16. ಮತದಾರರು ಅಂದು ಆ ಅಂಕಣವನ್ನು ಬಿಟ್ಟು ನೋಡಿದ್ದರೆ ಸತತ ಮೂರು ಸೈ ಯಂಗ್ ಅವರ ಹೆಸರಿನಲ್ಲಿರುತ್ತಿತ್ತು. ಮೂರು ಸೈ ಯಂಗ್ ಇರುವವರನ್ನು ಒಂದೇ ವರ್ಷಕ್ಕೆ ಮತಪತ್ರದಿಂದ ಕಿತ್ತುಹಾಕಲು ಯಾರಿಗೂ ಕೈ ಬರುತ್ತಿರಲಿಲ್ಲ.

2018ರಲ್ಲಿ ಆದದ್ದು ಅದೇ. ಹಾಲ್ ಆಫ್ ಫೇಮ್ ಪ್ರವೇಶಕ್ಕೆ ಶೇಕಡ 75 ಮತ ಬೇಕು. ಶೇಕಡ 5ಕ್ಕಿಂತ ಕಡಿಮೆ ಬಂದರೆ ಮರುವರ್ಷ ಹೆಸರೇ ಇರುವುದಿಲ್ಲ. ಒಬ್ಬ ಪತ್ರಕರ್ತ ಹತ್ತಕ್ಕಿಂತ ಹೆಚ್ಚು ಹೆಸರಿಗೆ ಗುರುತು ಹಾಕುವಂತಿಲ್ಲ. ಆ ವರ್ಷ ಚಿಪ್ಪರ್ ಜೋನ್ಸ್, ವ್ಲಾಡಿಮಿರ್ ಗೆರೆರೊ, ಜಿಮ್ ಥೋಮ್, ಟ್ರೆವರ್ ಹಾಫ್‌ಮನ್ ಆಯ್ಕೆಯಾದರು. ಬಾಂಡ್ಸ್, ಕ್ಲೆಮೆನ್ಸ್, ಶಿಲ್ಲಿಂಗ್, ಮುಸ್ಸೀನಾ ಎಲ್ಲರೂ ಅದೇ ಪಟ್ಟಿಯಲ್ಲಿದ್ದರು. ಆ ನೂಕುನುಗ್ಗಲಿನಲ್ಲಿ 422 ಮತಪತ್ರಗಳ ಪೈಕಿ ಸಂತಾನಾ ಅವರಿಗೆ ಸಿಕ್ಕದ್ದು 10. ಅಲ್ಲಿಗೆ ಮುಗಿಯಿತು. ಅದಕ್ಕೆ ಒಂದೂವರೆ ತಿಂಗಳ ಹಿಂದಷ್ಟೇ, ಪತ್ರಕರ್ತರ ಮತಪತ್ರದಲ್ಲಿ 15 ವರ್ಷ ಕಾದರೂ ಶೇಕಡ 75 ಮುಟ್ಟದ ಜ್ಯಾಕ್ ಮಾರಿಸ್ ಅವರನ್ನು ವಿಶೇಷ ಸಮಿತಿಯೊಂದು ಒಳಗೆ ಕರೆದುಕೊಂಡಿತ್ತು.

ಮಾರಿಸ್ ಬಗ್ಗೆ ನನಗೆ ಅಸಮಾಧಾನವಿಲ್ಲ. 1991ರ ಅಕ್ಟೋಬರ್ 27ರ ರಾತ್ರಿ ಮಿನ್ನಿಯಾಪೊಲಿಸ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯ ಏಳನೆಯ, ನಿರ್ಣಾಯಕ ಪಂದ್ಯವನ್ನು ಮಗಳಿಗೆ ತೋರಿಸಿ. ಒಂಬತ್ತು ಇನ್ನಿಂಗ್ಸ್ ಮುಗಿದರೂ ಎರಡೂ ತಂಡಗಳಿಗೆ ಒಂದೂ ರನ್ ಇಲ್ಲ. ಮ್ಯಾನೇಜರ್ ಟಾಮ್ ಕೆಲ್ಲಿ ‘ಇನ್ನು ಸಾಕು’ ಎಂದು ನಿಲ್ಲಿಸಲು ಬಂದರೆ, 36 ವರ್ಷದ ಮಾರಿಸ್ ಒಪ್ಪದೆ ಹತ್ತನೆಯ ಇನ್ನಿಂಗ್ಸ್‌ಗೂ ಪಿಚರ್‌ನ ದಿಬ್ಬಕ್ಕೆ ಹೋಗಿ ನಿಂತರು. ಅಟ್ಲಾಂಟಾ ಬ್ರೇವ್ಸ್‌ಗೆ ಆಗಲೂ ರನ್ ಸಿಗಲಿಲ್ಲ. ಹತ್ತನೆಯದರಲ್ಲಿ ಜೀನ್ ಲಾರ್ಕಿನ್ ಹೊಡೆತಕ್ಕೆ ಟ್ವಿನ್ಸ್ 1-0 ಗೆದ್ದರು. ಇಂಥ ರಾತ್ರಿಯನ್ನು ನಾನೇನೂ ಹಗುರವಾಗಿ ಕಾಣುವವನಲ್ಲ. ಆದರೆ ವೃತ್ತಿಜೀವನದ ಉದ್ದಕ್ಕೂ ಅವರ ಇಆರ್‌ಎ 3.90. ತಂಡ ಮುಂದಿದ್ದಾಗ ಬೇಕೆಂದೇ ಬಿಗಿ ಸಡಿಲಿಸುತ್ತಿದ್ದರು, ಅದಕ್ಕೇ ರನ್ ಹೆಚ್ಚು ಎಂಬ ಸಮರ್ಥನೆ ಇತ್ತು. ಅವರ ಪಂದ್ಯಗಳನ್ನು ಒಂದೊಂದಾಗಿ ತೆಗೆದು ನೋಡಿದವರಿಗೆ ಅದಕ್ಕೆ ಆಧಾರ ಸಿಗಲಿಲ್ಲ. ಅವರ 254 ಗೆಲುವುಗಳ ಹಿಂದೆ ಒಳ್ಳೆಯ ಬ್ಯಾಟರ್‌ಗಳಿದ್ದ ತಂಡಗಳಿದ್ದವು.

ಸಂತಾನಾ ಅವರನ್ನು ಹೋಲಿಸಬೇಕಾದದ್ದು ಅವರಂತೆಯೇ ಕಡಿಮೆ ಕಾಲ ಮೆರೆದ ಪಿಚರ್ ಸ್ಯಾಂಡಿ ಕೌಫ್ಯಾಕ್ಸ್ ಅವರೊಂದಿಗೆ. ಮೊಣಕೈ ಸಂಧಿವಾತದಿಂದ 1966ರಲ್ಲಿ, 30ನೇ ವಯಸ್ಸಿಗೆ, 27 ಗೆಲುವುಗಳ ಋತು ಮುಗಿಸಿದ ಬೆನ್ನಿಗೇ ಕೌಫ್ಯಾಕ್ಸ್ ಆಟ ಬಿಟ್ಟರು. ಮೊದಲ ಆರು ವರ್ಷ ಅವರ ಲೆಕ್ಕ 36 ಗೆಲುವು, 40 ಸೋಲು. ನಂತರದ ಆರು ವರ್ಷ 129 ಗೆಲುವು, 47 ಸೋಲು. ಒಟ್ಟು ಗೆಲುವು 165 ಮಾತ್ರ. ಆದರೂ 1972ರಲ್ಲಿ, 36ನೇ ವಯಸ್ಸಿನಲ್ಲಿ ಅವರು ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಅಷ್ಟು ಚಿಕ್ಕ ವಯಸ್ಸಿಗೆ ಆಯ್ಕೆಯಾದವರು ಬೇರೆ ಇಲ್ಲ. ಶಿಖರ ಎತ್ತರವಾಗಿದ್ದರೆ ವರ್ಷಗಳ ಉದ್ದ ನೋಡಬೇಕಿಲ್ಲ ಎಂದು ಮತದಾರರು ಅಂದೇ ತೀರ್ಪು ಕೊಟ್ಟಿದ್ದರು. ಕೌಫ್ಯಾಕ್ಸ್ ಎಸೆದದ್ದು 2,324 ಇನ್ನಿಂಗ್ಸ್, ಸಂತಾನಾ 2,025. ಕೌಫ್ಯಾಕ್ಸ್ ಕಾಲದಲ್ಲಿ ಪಿಚರ್ ನಿಲ್ಲುವ ದಿಬ್ಬ 15 ಇಂಚು ಎತ್ತರವಿತ್ತು, 1969ರಲ್ಲಿ ಅದನ್ನು 10 ಇಂಚಿಗೆ ಇಳಿಸಿದರು. ಅವರ ತಂಡದ ಡಾಡ್ಜರ್ ಕ್ರೀಡಾಂಗಣವೂ ಪಿಚರ್‌ಗಳಿಗೆ ಒಲಿದ ಅಂಗಳ. ಕಾಲ ಮತ್ತು ಮೈದಾನದ ಅನುಕೂಲವನ್ನು ಕಳೆದು, ಸಾಧಾರಣ ಪಿಚರ್‌ನನ್ನು 100 ಎಂದಿಟ್ಟು ಇಆರ್‌ಎ ಅಳೆದರೆ (ಇಲ್ಲಿ ಹೆಚ್ಚಿದ್ದಷ್ಟು ಒಳ್ಳೆಯದು) ಕೌಫ್ಯಾಕ್ಸ್ 131, ಸಂತಾನಾ 136, ಮಾರಿಸ್ 105. ಕೌಫ್ಯಾಕ್ಸ್ ಅವರಿಗಿಂತ ಸಂತಾನಾ ದೊಡ್ಡವರು ಎನ್ನುತ್ತಿಲ್ಲ. 1965ರಲ್ಲಿ ಕೌಫ್ಯಾಕ್ಸ್ ಅವರ 382 ಸ್ಟ್ರೈಕ್‌ಔಟ್, ನಾಲ್ಕು ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಸಿಗದ ಪಂದ್ಯಗಳು), ವರ್ಲ್ಡ್ ಸೀರೀಸ್‌ಗಳಲ್ಲಿ ಅವರು ಮಾಡಿದ್ದು, ಇವೆಲ್ಲ ಬೇರೆಯೇ ತೂಕದವು. ಆದರೆ ಅವರಿಗೆ ತೆರೆದ ಬಾಗಿಲನ್ನು ಇವರ ಮುಖಕ್ಕೆ ಒಂದೇ ವರ್ಷದಲ್ಲಿ ಮುಚ್ಚಿದ್ದು ಅನ್ಯಾಯ. ಇದನ್ನು ಮೆಲುದನಿಯಲ್ಲಿ ಹೇಳಲು ನನಗಾಗದು.

ಬ್ಲೈಲೆವೆನ್ ಕೂಡ ಇದೇ ಅಂಕಣದ ಕಾರಣಕ್ಕೆ ಕಾದವರು. 287 ಗೆಲುವು ಇದ್ದರೂ 300 ಮುಟ್ಟಲಿಲ್ಲ, ಸೋಲು 250 ಇದೆ ಎಂಬ ತಕರಾರು. 3,701 ಸ್ಟ್ರೈಕ್‌ಔಟ್, ಎದುರಾಳಿಗೆ ಒಂದೂ ರನ್ ಕೊಡದೆ ಒಬ್ಬರೇ ಮುಗಿಸಿದ 60 ಪಂದ್ಯಗಳು ಯಾರ ಕಣ್ಣಿಗೂ ಬೀಳಲಿಲ್ಲ. 1998ರಲ್ಲಿ ಶೇಕಡ 17.5 ಮತ ಪಡೆದವರು 2011ರಲ್ಲಿ, ಹದಿನಾಲ್ಕನೇ ಪ್ರಯತ್ನದಲ್ಲಿ, ಶೇಕಡ 79.7 ಮತದೊಂದಿಗೆ ಒಳಗೆ ಬಂದರು. ಆ ಹದಿಮೂರು ವರ್ಷ ಅವರು ಒಂದು ಚೆಂಡನ್ನೂ ಎಸೆದಿರಲಿಲ್ಲ. ಬದಲಾದದ್ದು ನೋಡುವವರ ದೃಷ್ಟಿ. 2010ರಲ್ಲಿ 101 ಪಂದ್ಯ ಸೋತ ಸಿಯಾಟಲ್ ತಂಡದ ಫೆಲಿಕ್ಸ್ ಹೆರ್ನಾಂಡೆಸ್ 13 ಗೆಲುವು, 12 ಸೋಲಿನೊಂದಿಗೇ ಸೈ ಯಂಗ್ ಪಡೆದರು. 2025ರಲ್ಲಿ ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ 10 ಗೆಲುವು, 10 ಸೋಲು, 1.97 ಇಆರ್‌ಎಯೊಂದಿಗೆ ಸರ್ವಾನುಮತದಿಂದ ಪಡೆದರು. 2005ರಲ್ಲಿ ಇಂಥ ಮತದಾನ ಯೋಚಿಸಲೂ ಸಾಧ್ಯವಿರಲಿಲ್ಲ.

ಇನ್ನು ಲಾಭದ ಮಾತು. ಹಣ ಮಾಡುವುದೇ ಉದ್ದೇಶವಾದರೆ ಪಿಚರ್‌ಗಳ ಕಾರ್ಡು ಸರಿಯಾದ ದಾರಿಯಲ್ಲ. ಮಾರುಕಟ್ಟೆ ಯಾವಾಗಲೂ ಬ್ಯಾಟರ್‌ಗಳ ಕಡೆಗೇ ವಾಲಿದೆ. 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾದ 1952ರ ಟಾಪ್ಸ್ ಕಂಪನಿಯ ಕಾರ್ಡು ಮಿಕ್ಕಿ ಮ್ಯಾಂಟಲ್ ಅವರದ್ದು. ಸಿಗರೇಟ್ ಪೊಟ್ಟಣಗಳಲ್ಲಿ ಬರುತ್ತಿದ್ದ 1909ರ ಕಾಲದ ಪ್ರಸಿದ್ಧ ಕಾರ್ಡು ಹೋನಸ್ ವ್ಯಾಗ್ನರ್ ಅವರದ್ದು. ಇಬ್ಬರೂ ಪಿಚರ್‌ಗಳಲ್ಲ. ಕೌಫ್ಯಾಕ್ಸ್, ನೋಲನ್ ರಯಾನ್ ಇದಕ್ಕೆ ಅಪವಾದ. ಸ್ಕೀನ್ಸ್ ಅವರ, ಜಗತ್ತಿನಲ್ಲಿ ಒಂದೇ ಇರುವ ಕಾರ್ಡು 2025ರಲ್ಲಿ 11 ಲಕ್ಷ ಡಾಲರ್ ದಾಟಿತು ನಿಜ, ಆದರೆ ಪಿಚರ್‌ನ ಬೆಲೆ ಒಂದು ಭುಜದ ನರದ ಮೇಲೆ ನಿಂತಿರುತ್ತದೆ. ಹಾಲ್ ಆಫ್ ಫೇಮ್ ಘೋಷಣೆ ಆಗುವ ಹೊತ್ತಿಗೆ ಬೆಲೆ ಏರುವುದೂ ಉಂಟು, ಕೆಲವೇ ವಾರಗಳಲ್ಲಿ ಇಳಿಯುವುದೂ ಉಂಟು. 1980ರ ದಶಕದ ಕೊನೆಯಲ್ಲಿ ಮಿತಿಮೀರಿ ಅಚ್ಚಾದ ಕಾರ್ಡುಗಳನ್ನು ಮಕ್ಕಳ ಕಾಲೇಜಿಗೆ ಆಗುತ್ತದೆಂದು ಪೆಟ್ಟಿಗೆಗಟ್ಟಲೆ ಕೂಡಿಟ್ಟವರ ಬಳಿ ಇಂದಿಗೂ ಆ ಪೆಟ್ಟಿಗೆಗಳಿವೆ, ಕೊಳ್ಳುವವರಿಲ್ಲ.

ಬ್ಲೈಲೆವೆನ್ ಕಾರ್ಡನ್ನು ಕಳುಹಿಸುವ ಮುಂಚೆ ಅಂಚುಗಳನ್ನು ನೋಡಿ. 1971ರ ಟಾಪ್ಸ್ ಸರಣಿಗೆ ಸುತ್ತಲೂ ಕಪ್ಪು ಅಂಚು. ಉಗುರು ತಗುಲಿದರೂ ಸಾಕು, ಕಪ್ಪು ಎದ್ದು ಒಳಗಿನ ಬಿಳಿ ಕಾಗದ ಇಣುಕುತ್ತದೆ. ಅದನ್ನು ಮುಚ್ಚಲು ಕೆಲವರು ಕಪ್ಪು ಮಾರ್ಕರ್ ಬಳಿಯುತ್ತಾರೆ. ಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚಿನ ಕಪ್ಪಿಗೂ ಶಾಯಿಯ ಕಪ್ಪಿಗೂ ಹೊಳಪು ಬೇರೆ ಎಂದು ತಿಳಿಯುತ್ತದೆ, ಪಕ್ಕದ ದಪ್ಪದಲ್ಲಿ ಶಾಯಿ ಇಂಗಿರುವುದೂ ಕಾಣುತ್ತದೆ. ಬಣ್ಣ ಬಳಿದದ್ದು, ಅಂಚು ಕತ್ತರಿಸಿದ್ದು ಗೊತ್ತಾದರೆ ಗ್ರೇಡಿಂಗ್ ಸಂಸ್ಥೆಗಳು ಅಂಕವನ್ನೇ ಕೊಡುವುದಿಲ್ಲ. ಗೊತ್ತಾಗದೆ ಹೋಗುವುದೂ ಇದೆ: ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಒಮ್ಮೆ ಪಾಲುದಾರರಾಗಿದ್ದ ವ್ಯಾಗ್ನರ್ ಕಾರ್ಡಿಗೆ 10ಕ್ಕೆ 8 ಅಂಕ ಬಂದಿತ್ತು, ಅದರ ಅಂಚನ್ನು ತಾನೇ ಕತ್ತರಿಸಿದ್ದೆ ಎಂದು ಹರಾಜುದಾರ ಬಿಲ್ ಮಾಸ್ಟ್ರೋ 2013ರಲ್ಲಿ ಒಪ್ಪಿಕೊಂಡರು.

ನಿಮ್ಮ ಮಗಳ ಕಾರ್ಡಿನ ಮೂಲೆಗಳು ಮೊಂಡಾಗಿದ್ದರೆ, ಬಿಳಿ ಕಾಣುತ್ತಿದ್ದರೆ ಕಳುಹಿಸಬೇಡಿ. ಶುಲ್ಕವೇ ಕಾರ್ಡಿನ ಬೆಲೆಯನ್ನು ಮೀರಬಹುದು. ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಹಾಕಿ ಬಿಸಿಲು ತಾಗದ ಕಡೆ ಇಟ್ಟರೆ ಸಾಕು. ಆ ಶುಲ್ಕದ ಹಣದಲ್ಲಿ ಅವಳಿಗೆ ಸಂತಾನಾ ಅವರ 2004ರಿಂದ 2006ರವರೆಗಿನ ಟಾಪ್ಸ್ ಕಾರ್ಡುಗಳನ್ನು ಕೊಡಿಸಿ. ಸಾಮಾನ್ಯ ಪ್ರತಿಗಳು ಅಗ್ಗಕ್ಕೇ ಸಿಗುತ್ತವೆ. 2005ರ ಸಾಧನೆಯನ್ನು 2006ರ ಕಾರ್ಡಿನ ಹಿಂಬದಿಯಲ್ಲಿ ಅಚ್ಚು ಮಾಡಿದ್ದಾರೆ. ಅದನ್ನು ಅದೇ ಸರಣಿಯ ಕೊಲೊನ್ ಕಾರ್ಡಿನ ಪಕ್ಕದಲ್ಲಿಟ್ಟು, ಗೆಲುವಿನ ಅಂಕಣದ ಮೇಲೆ ಹೆಬ್ಬೆರಳು ಇಟ್ಟುಕೊಂಡು ಉಳಿದದ್ದನ್ನು ಓದಲು ಹೇಳಿ. ಸಹೋದ್ಯೋಗಿಗೆ ಉತ್ತರವನ್ನು ಅವಳೇ ಕೊಡುತ್ತಾಳೆ.

— ಸಂಪಾದಕ